ಎದೆಯ ಮೇಲೆ ಎಂಟೂವರೆ ಸೆಂಟಿಮೀಟರ್: ದಾವಣಗೆರೆಯ ಬೀಜ ಕಂಪನಿಯೊಂದರ ಲೋಗೊ ಪ್ರಕರಣ

ಮೇ ತಿಂಗಳು ಬಂತೆಂದರೆ ದಾವಣಗೆರೆಯ ಬೀಜ, ಗೊಬ್ಬರದ ಅಂಗಡಿಗಳಿಗೆ ಬಿಡುವಿಲ್ಲ. ಜಿಲ್ಲೆಯ ಮಳೆಯಾಶ್ರಿತ ಹೊಲಗಳಲ್ಲಿ ಮೆಕ್ಕೆಜೋಳವೇ ದೊಡ್ಡ ಬೆಳೆ. ಮುಂಗಾರು ಹದವಾದ ಕೂಡಲೇ ಬಿತ್ತನೆ ಶುರುವಾಗುತ್ತದೆ, ಹಾಗಾಗಿ ಬೀಜದ ಕಂಪನಿಗಳು ಡೀಲರ್‌ಗಳ ಸಭೆಯನ್ನು ಅದಕ್ಕೆ ಮುಂಚೆಯೇ ಮುಗಿಸಿಕೊಳ್ಳುತ್ತವೆ. ಸಭೆಗೆ ಬಂದವರಿಗೆ ಊಟದ ಜೊತೆ ಟೀ ಶರ್ಟು, ಬ್ಯಾಗು, ನೀರಿನ ಬಾಟಲಿ. ಹಳ್ಳಿಗಳಲ್ಲಿ ಹಂಚಲು ಕ್ಯಾಪು, ಛತ್ರಿ. ಅಂಥ ಒಂದು ಆರ್ಡರಿನಲ್ಲಿ ಲೋಗೊ ಎಷ್ಟು ದೊಡ್ಡದಿರಬೇಕು, ಎಲ್ಲಿ ಕೂರಬೇಕು ಎಂಬುದು ಹೇಗೆ ತೀರ್ಮಾನವಾಯಿತು ಎಂಬುದೇ ಈ ಪ್ರಕರಣ.

ಕಂಪನಿ ತನ್ನ ಹೆಸರಿನಲ್ಲಿ ಹೈಬ್ರಿಡ್ ಮೆಕ್ಕೆಜೋಳದ ಬೀಜ ಮಾರುತ್ತದೆ. ದಾವಣಗೆರೆ, ಚಿತ್ರದುರ್ಗ ಎರಡೂ ಜಿಲ್ಲೆಗಳಲ್ಲಿ ಡೀಲರ್‌ಗಳಿದ್ದಾರೆ. ಆರ್ಡರ್ ಇಷ್ಟು: ಹೊಲ ಸುತ್ತುವ ಸಿಬ್ಬಂದಿಗೆ ಕಾಲರ್ ಟೀ ಶರ್ಟ್ 60, ಡೀಲರ್‌ಗಳಿಗೆ 120, ಕ್ಯಾಪ್ 1000, ಬಟ್ಟೆ ಬ್ಯಾಗ್ 500, ಸ್ಟೀಲ್ ಬಾಟಲಿ 250, ಛತ್ರಿ 200, ಪೆನ್ 1000.

ಲೋಗೊ ಹೀಗಿತ್ತು. ಎಡಕ್ಕೆ ದುಂಡನೆಯ ಚಿಹ್ನೆ, ಅದರೊಳಗೆ ಎರಡು ಎಲೆಯ ನಡುವೆ ಮೆಕ್ಕೆಜೋಳದ ತೆನೆ. ಬಲಕ್ಕೆ ಐದು ಅಕ್ಷರದ ಕನ್ನಡ ಹೆಸರು, ಅದರಲ್ಲಿ ಒಂದು ಒತ್ತಕ್ಷರ. ಅದರ ಕೆಳಗೆ ಇಂಗ್ಲಿಷ್ ಹೆಸರು, ಅದರ ಕೆಳಗೆ ಘೋಷವಾಕ್ಯ, ಕೊನೆಗೆ ಫೋನ್ ನಂಬರು. ಬಣ್ಣ ಮೂರು: ಕಡು ಹಸಿರು, ತಿಳಿ ಹಸಿರು, ಹಳದಿ. ಬೀಜದ ಪ್ಯಾಕೆಟ್ಟಿನ ಮೇಲೆ, ಅಂಗಡಿ ಬೋರ್ಡಿನ ಮೇಲೆ ಇದು ಚೆನ್ನಾಗಿಯೇ ಕಾಣುತ್ತಿತ್ತು. ಆ ಒಂದೇ ಫೈಲನ್ನು ಏಳೂ ವಸ್ತುಗಳಿಗೆ ಕಳಿಸಲಾಯಿತು. ಮಾಲೀಕರ ಸೂಚನೆಯೂ ಒಂದೇ: "ರೊಕ್ಕ ಕೊಟ್ಟು ಮಾಡ್ಸೋದು, ಹೆಸರು ದೂರದಿಂದ ಕಾಣ್ಬೇಕಲ್ರಿ. ಜಾಗ ಇದ್ದಷ್ಟೂ ದೊಡ್ಡದು ಹಾಕ್ರಿ."

ಮೊದಲ ಸ್ಯಾಂಪಲ್

ಮೊದಲು ಬಂದದ್ದು 38ರ ಅಳತೆಯ ಟೀ ಶರ್ಟು. ಎಡ ಎದೆಯ ಮೇಲೆ 12 ಸೆಂ.ಮೀ. ಅಗಲದ ಎಂಬ್ರಾಯ್ಡರಿ. ಮೇಜಿನ ಮೇಲೆ ಹಾಸಿದಾಗ ಯಾರೂ ಏನೂ ಅನ್ನಲಿಲ್ಲ. ಒಬ್ಬರು ತೊಟ್ಟು ನಿಂತಾಗ ತೊಂದರೆ ಗೊತ್ತಾಯಿತು. ಈ ಅಳತೆಯಲ್ಲಿ ಗುಂಡಿ ಪಟ್ಟಿಯ ಅಂಚಿನಿಂದ ತೋಳಿನ ಹೊಲಿಗೆಯವರೆಗೆ ಸಿಗುವ ಜಾಗ ಸುಮಾರು 17ರಿಂದ 18 ಸೆಂ.ಮೀ. ಅದರಲ್ಲಿ 12 ಹೋದರೆ ಲೋಗೊದ ಕೊನೆಯ ಅಕ್ಷರ ಕಂಕುಳ ಕಡೆಗೆ ತಿರುಗಿಬಿಡುತ್ತದೆ. ಎದುರಿಗೆ ನಿಂತವರಿಗೆ ಐದರಲ್ಲಿ ನಾಲ್ಕೇ ಅಕ್ಷರ ಕಾಣುತ್ತಿತ್ತು. ಕೈ ಎತ್ತಿದರೆ ಇಡೀ ಲೋಗೊ ಓರೆಯಾಗಿ ಮೇಲೇರುತ್ತಿತ್ತು.

ಇನ್ನೊಂದು ತೊಂದರೆ ದಾರದ್ದು. ಇಷ್ಟು ದೊಡ್ಡ ಲೋಗೊದಲ್ಲೂ ಇಂಗ್ಲಿಷ್ ಸಾಲಿನ ಎತ್ತರ 3.5 ಮಿ.ಮೀ., ಘೋಷವಾಕ್ಯದ್ದು 2.5 ಮಿ.ಮೀ. ಸಾಮಾನ್ಯವಾಗಿ ಬಳಸುವ 40 ನಂಬರ್ ದಾರದಲ್ಲಿ 1 ಮಿ.ಮೀ.ಗಿಂತ ತೆಳುವಾದ ಗೆರೆಯನ್ನು ಸ್ಯಾಟಿನ್ ಹೊಲಿಗೆಯಾಗಿ, ಅಂದರೆ ಅಕ್ಕಪಕ್ಕ ಒತ್ತೊತ್ತಾದ ಎಳೆಗಳಿಂದ, ತುಂಬುವುದು ಕಷ್ಟ. ಇಂಗ್ಲಿಷ್ ದೊಡ್ಡಕ್ಷರಕ್ಕೇ 5 ಮಿ.ಮೀ. ಎತ್ತರ ಬೇಕು. ಘೋಷವಾಕ್ಯ ಹಸಿರು ದಾರದ ಸಣ್ಣ ಗಂಟುಗಳ ಸಾಲಾಗಿತ್ತು. ಎಂಬ್ರಾಯ್ಡರಿಯವರು ಇದನ್ನು ಮುಂಚೆಯೇ ಹೇಳಿದ್ದರು: "ಸಾವ್ಕಾರ್ರೇ, ಇಷ್ಟು ಸಣ್ಣ ಅಕ್ಷರ ಮಿಷನ್ ಹೊಲಿಯಲ್ಲ. ಹೊಲಿದ್ರೂ ಗಂಟು ಕಾಣ್ತಾವೆ, ಅಕ್ಷರ ಕಾಣಲ್ಲ."

ತೆನೆಯನ್ನು ಹತ್ತಿರದಿಂದ ನೋಡಿದರೆ ಕಾರಣ ಪೂರ್ತಿ ತಿಳಿಯುತ್ತದೆ. ಮೂಲ ಚಿತ್ರದಲ್ಲಿ ಸುಮಾರು 50 ಕಾಳುಗಳಿದ್ದವು. ಬಟ್ಟೆಯ ಮೇಲೆ ಒಂದೊಂದು ಕಾಳಿಗೆ ಸಿಕ್ಕ ಜಾಗ ಸುಮಾರು 1 ಮಿ.ಮೀ., ಕಾಳಿನ ನಡುವಿನ ಸಂದು ಅದಕ್ಕಿಂತ ಕಡಿಮೆ. ಸೂಜಿ ಅಕ್ಕಪಕ್ಕದಲ್ಲೇ ಮತ್ತೆ ಮತ್ತೆ ಇಳಿದು ಹೆಣಿಗೆ ಬಟ್ಟೆಯಲ್ಲಿ ತೂತು ಬಿದ್ದಿತ್ತು. ಸುತ್ತಲಿನ ಬಟ್ಟೆ ಸುಕ್ಕಾಗಿ ಎಳೆದುಕೊಂಡಿತ್ತು. ತೆನೆ ಹಳದಿ ಕಲೆಯ ಹಾಗೆ ಕಾಣುತ್ತಿತ್ತು.

ನೋಡುವವರು ಎಷ್ಟು ದೂರದಲ್ಲಿದ್ದಾರೆ?

"ದೂರದಿಂದ ಕಾಣಬೇಕು" ಎಂಬ ಬೇಡಿಕೆ ತಪ್ಪಲ್ಲ. ಆದರೆ ಎಷ್ಟು ದೂರ ಎಂದು ಯಾರೂ ಕೇಳಿರಲಿಲ್ಲ. ಬೋರ್ಡ್ ಬರೆಯುವವರಲ್ಲಿ ಹಳೆಯ ಲೆಕ್ಕವೊಂದಿದೆ: ಅಕ್ಷರ 25 ಮಿ.ಮೀ. ಎತ್ತರ ಇದ್ದರೆ ಸುಮಾರು 3 ಮೀಟರಿನಿಂದ ಸಲೀಸಾಗಿ ಓದಬಹುದು. ಇದು ಇಂಗ್ಲಿಷ್ ದೊಡ್ಡಕ್ಷರದ ಲೆಕ್ಕ. ಕನ್ನಡಕ್ಕೆ ಕಾಲು ಭಾಗದಷ್ಟು ಎತ್ತರ ಹೆಚ್ಚಿಗೆ ಹಿಡಿಯುವುದು ಒಳ್ಳೆಯದು.

ಅಂಗಡಿಯ ಕೌಂಟರಿನ ಆಚೆ ಈಚೆ ನಿಂತವರ ನಡುವೆ ಇರುವುದು 1 ಮೀಟರು. ಎದೆಯ ಲೋಗೊವನ್ನು ಓದುವ ದೂರ ಅದೇ. ಅಲ್ಲಿಗೆ 10 ಮಿ.ಮೀ. ಅಕ್ಷರ ಸಾಕು. ಕ್ಷೇತ್ರೋತ್ಸವದಲ್ಲಿ ಇನ್ನೂರು ಜನರ ನಡುವೆ ಕಂಪನಿಯ ಹುಡುಗ ಯಾರು ಎಂದು ರೈತರು ಹುಡುಕುವುದು 5, 6 ಮೀಟರಿನಿಂದ, ಅದೂ ಹಿಂದಿನಿಂದ. ಅಲ್ಲಿಗೆ ಎದೆಯ ಲೋಗೊ 8 ಸೆಂ.ಮೀ. ಇದ್ದರೂ ಒಂದೇ, 12 ಇದ್ದರೂ ಒಂದೇ. ಅದು ಬೆನ್ನಿನ ಕೆಲಸ.

ಫೋನ್ ನಂಬರಿಗೂ ಇದೇ ಪ್ರಶ್ನೆ ಅನ್ವಯಿಸುತ್ತದೆ. ಎದುರಿಗೆ ಮಾತಾಡುತ್ತಿರುವವರ ಎದೆ ನೋಡಿ ಯಾರೂ ನಂಬರ್ ಬರೆದುಕೊಳ್ಳುವುದಿಲ್ಲ. ಕೈಯಲ್ಲಿ ಹಿಡಿದು ನೋಡುವ ವಸ್ತುವಿನ ಮೇಲೆ, ಅಂದರೆ ಪೆನ್ನು, ಬ್ಯಾಗಿನ ಮೇಲೆ ಅದಕ್ಕೆ ಅರ್ಥವಿದೆ. ಉಳಿದ ಐದು ವಸ್ತುಗಳಿಂದ ನಂಬರನ್ನು ತೆಗೆಯಲಾಯಿತು.

ಇನ್ನೊಂದು ಮಾತು ಡೀಲರ್ ಒಬ್ಬರಿಂದಲೇ ಬಂತು. ಬೆನ್ನಿಗೂ ಹೆಸರು ಹಾಕಿದ ಸ್ಯಾಂಪಲ್ ನೋಡಿ ಅವರು ಅಂದದ್ದು: "ಇದನ್ನ ಹಾಕ್ಕೊಂಡು ಅಂಗಡ್ಯಾಗೆ ಕುಂತ್ರೆ ಬಂದೋರು ನನ್ನನ್ನ ಕಂಪನಿ ಹುಡುಗ ಅಂತಾರೆ." ಡೀಲರ್ ನಾಲ್ಕಾರು ಕಂಪನಿಗಳ ಬೀಜ ಇಟ್ಟವರು. ಒಂದೇ ಕಂಪನಿಯ ಬೋರ್ಡಾಗಿ ಕೂರುವುದು ಅವರ ವ್ಯಾಪಾರಕ್ಕೆ ಒಗ್ಗುವುದಿಲ್ಲ. ದೊಡ್ಡ ಲೋಗೊದ ಶರ್ಟು ಸಭೆಯ ದಿನ ಮೈಮೇಲೆ ಇರುತ್ತದೆ, ಮರುದಿನದಿಂದ ಗೋದಾಮಿನ ಹಮಾಲರ ಪಾಲು. ಸಣ್ಣ ಲೋಗೊ ಇದ್ದರೆ ಅದೇ ಶರ್ಟು ಮದುವೆ ಮನೆಗೂ ಬರುತ್ತದೆ. ಈ ಮಾತಿನಿಂದ 180 ಶರ್ಟುಗಳ ಆರ್ಡರು ಎರಡಾಯಿತು: ಸಿಬ್ಬಂದಿಗೆ ಎದೆ ಮತ್ತು ಬೆನ್ನು, ಡೀಲರ್‌ಗಳಿಗೆ ಎದೆ ಮಾತ್ರ. ಇಡೀ ಪ್ರಕರಣದಲ್ಲಿ ಅತಿ ಹೆಚ್ಚು ಉಪಯೋಗಕ್ಕೆ ಬಂದ ತೀರ್ಮಾನ ಇದೇ.

ಲೋಗೊವನ್ನು ಮತ್ತೆ ಬರೆದದ್ದು

ಕಂಪನಿಯ ಗುರುತು ಬದಲಾಗಬಾರದು, ಆದರೆ ವಸ್ತುವಿಗೆ ತಕ್ಕಂತೆ ಅದರ ರೂಪ ಬೇರೆ ಇರಲೇಬೇಕು. ಮೂರು ರೂಪ ಮಾಡಿಸಲಾಯಿತು. ಅಡ್ಡ ರೂಪದಲ್ಲಿ ಚಿಹ್ನೆ, ಪಕ್ಕಕ್ಕೆ ಕನ್ನಡ ಹೆಸರು. ನಿಲುವು ರೂಪದಲ್ಲಿ ಚಿಹ್ನೆ ಮೇಲೆ, ಹೆಸರು ಕೆಳಗೆ. ಮೂರನೆಯದು ಬರೀ ಹೆಸರು. ಮೂರಕ್ಕೂ ಪೂರ್ಣ ಬಣ್ಣ, ಒಂದೇ ಕಡು ಹಸಿರು, ಒಂದೇ ಬಿಳಿ ಎಂಬ ಮೂರು ಬಗೆ. ಘೋಷವಾಕ್ಯ ಬ್ಯಾಗಿಗಷ್ಟೇ ಉಳಿಯಿತು.

ತೆನೆಯ 50 ಕಾಳುಗಳನ್ನು 11ಕ್ಕೆ ಇಳಿಸಲಾಯಿತು. 27 ಮಿ.ಮೀ. ಚಿಹ್ನೆಯಲ್ಲಿ ಒಂದೊಂದು ಕಾಳು ಸುಮಾರು 2.5 ಮಿ.ಮೀ., ನಡುವಿನ ಸಂದು 1 ಮಿ.ಮೀ. ಕಾಳು ಕಡಿಮೆಯಾದ ಮೇಲೇ ಅದು ತೆನೆಯ ಹಾಗೆ ಕಾಣತೊಡಗಿತು.

ಕನ್ನಡ ಅಕ್ಷರಕ್ಕೆ ಇಲ್ಲಿ ಪ್ರತ್ಯೇಕ ಗಮನ ಬೇಕು. ಮುದ್ರಣದ ಬಹುತೇಕ ಕೋಷ್ಟಕಗಳು ಇಂಗ್ಲಿಷ್ ಲಿಪಿಯನ್ನು ಮನಸ್ಸಿನಲ್ಲಿಟ್ಟುಕೊಂಡವು. ನಮ್ಮ ಲಿಪಿಯಲ್ಲಿ ಒತ್ತಕ್ಷರ ಕೆಳಗೆ ಇಳಿಯುತ್ತದೆ, ಗುಣಿತದ ಚಿಹ್ನೆ ಮೇಲೆ, ಪಕ್ಕಕ್ಕೆ ಚಾಚುತ್ತದೆ. ಮೂಲಾಕ್ಷರ 10 ಮಿ.ಮೀ. ಎಂದರೆ ಒತ್ತು ಸೇರಿ ಒಟ್ಟು 16 ಮಿ.ಮೀ. ಆಗುತ್ತದೆ. ಆ ಒಟ್ಟು ಎತ್ತರವನ್ನೇ ಲೆಕ್ಕಕ್ಕೆ ಹಿಡಿದು ಹೆಸರನ್ನು ಚಿಹ್ನೆಯ ಮಧ್ಯಕ್ಕೆ ಸರಿಹೊಂದಿಸಿದರೆ ಹೆಸರು ಮೇಲೆ ತೇಲಿದ ಹಾಗೆ ಕಾಣುತ್ತದೆ. ಸರಿಹೊಂದಿಸಬೇಕಾದದ್ದು ಮೂಲಾಕ್ಷರಗಳ ಸಾಲನ್ನು.

ಇದಕ್ಕಿಂತ ಅಪಾಯಕಾರಿಯಾದದ್ದು ಮಹಾಪ್ರಾಣದ ಸೀಳು. ದ ಮತ್ತು ಧ, ಪ ಮತ್ತು ಫ, ಡ ಮತ್ತು ಢ ಇವುಗಳ ನಡುವಿನ ವ್ಯತ್ಯಾಸ ಕೆಳಗಿನ ಒಂದು ಸಣ್ಣ ಗೀಟು. ದಾರ ತುಂಬಿದಾಗ, ಶಾಯಿ ಹರಡಿದಾಗ ಮೊದಲು ಮುಚ್ಚಿಹೋಗುವುದು ಅದೇ. ಹೆಸರಿನಲ್ಲಿ ಧ ಇದ್ದರೆ ಶರ್ಟಿನ ಮೇಲೆ ದ ಆಗಿಬಿಡುತ್ತದೆ, ಕಂಪನಿಯ ಹೆಸರೇ ತಪ್ಪಾಗುತ್ತದೆ. "ಬಿತ್ತನೆ"ಯ ತ್ತ, "ಸಮೃದ್ಧಿ"ಯ ದ್ಧಿ ಇಂಥವು ಸಣ್ಣ ಗಾತ್ರದಲ್ಲಿ ಮುದ್ದೆಯಾಗುತ್ತವೆ. ಎಂಬ್ರಾಯ್ಡರಿಗೆ ಕನ್ನಡ ಮೂಲಾಕ್ಷರ 8 ಮಿ.ಮೀ.ಗಿಂತ ಕೆಳಗೆ ಇಳಿಸಬಾರದು, ಅಕ್ಷರದೊಳಗಿನ ಯಾವ ಸಂದೂ 1 ಮಿ.ಮೀ.ಗಿಂತ ಕಡಿಮೆ ಇರಬಾರದು ಎಂದು ಇಲ್ಲಿ ನಿಯಮ ಮಾಡಿಕೊಳ್ಳಲಾಯಿತು. ಸೀಳನ್ನು ಮೂಲ ಫಾಂಟಿಗಿಂತ ಬೇಕೆಂದೇ ಅಗಲ ಮಾಡಲಾಯಿತು. ಪರದೆಯ ಮೇಲೆ ಹಿಗ್ಗಿಸಿ ನೋಡಿದರೆ ಸ್ವಲ್ಪ ವಿಚಿತ್ರ ಅನ್ನಿಸುತ್ತದೆ, ಬಟ್ಟೆಯ ಮೇಲೆ ಸರಿಯಾಗಿ ಕೂರುತ್ತದೆ.

ಫೈಲ್ ಕಳಿಸುವಾಗಲೂ ಕನ್ನಡಕ್ಕೆ ಒಂದು ಎಚ್ಚರಿಕೆ ಬೇಕು. ನುಡಿ, ಬರಹದ ಹಳೆಯ ಫಾಂಟುಗಳಲ್ಲಿ ಬರೆದದ್ದು ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ಅರ್ಥವಿಲ್ಲದ ಚಿಹ್ನೆಗಳಾಗುತ್ತದೆ. ಯೂನಿಕೋಡ್‌ನಲ್ಲಿ ಬರೆದರೂ ವಿನ್ಯಾಸಕ್ಕೆ ಬಳಸುವ ಕೋರೆಲ್‌ಡ್ರಾ ತಂತ್ರಾಂಶ ಹಳೆಯ ಆವೃತ್ತಿಯಾದರೆ ಒತ್ತಕ್ಷರ ಒಡೆಯುತ್ತದೆ. ಆದ್ದರಿಂದ ಎಲ್ಲ ಅಕ್ಷರಗಳನ್ನೂ ಕರ್ವ್ಸ್ ಮಾಡಿ, ಅಂದರೆ ಫಾಂಟ್ ಬೇಡದ ಗೆರೆಚಿತ್ರವಾಗಿಸಿ, ಜೊತೆಗೆ ಪಿಡಿಎಫ್ ಇಟ್ಟು ಕಳಿಸಲಾಯಿತು. ವಾಟ್ಸಾಪಿನಲ್ಲಿ ಬಂದ ಫೋಟೊದಿಂದ ಲೋಗೊ ಎತ್ತುವುದನ್ನು ಯಾರೂ ಒಪ್ಪಬಾರದು.

ಶರ್ಟಿನ ಎದೆ

ಹೊಸ ಅಡ್ಡ ರೂಪದ ಅಗಲ 8.5 ಸೆಂ.ಮೀ.: ಚಿಹ್ನೆ 2.7, ಸಂದು 0.3, ಹೆಸರು 5.5. ಪಂಚಿಂಗ್ ಮಾಡಿದಾಗ, ಅಂದರೆ ಚಿತ್ರವನ್ನು ಮಿಷನ್ನಿನ ಹೊಲಿಗೆಗಳಾಗಿ ಬದಲಾಯಿಸಿದಾಗ, ಸುಮಾರು 6000 ಹೊಲಿಗೆ ಬಂತು. ಮಿಷನ್ ನಿಮಿಷಕ್ಕೆ 700ರ ವೇಗದಲ್ಲಿ ಓಡಿದರೆ ಒಂದು ಸುತ್ತಿಗೆ ಒಂಬತ್ತು ನಿಮಿಷದ ಹತ್ತಿರ. ಮೊದಲ ಸ್ಯಾಂಪಲ್ಲಿನ ಲೋಗೊಗೆ ಇದರ ಎರಡು ಪಟ್ಟಿಗೂ ಹೆಚ್ಚು ಹೊಲಿಗೆ ಬಿದ್ದಿತ್ತು. ಎಂಬ್ರಾಯ್ಡರಿ ದರ ಹೊಲಿಗೆಯ ಲೆಕ್ಕದಲ್ಲಿ ಇರುವುದರಿಂದ ಖರ್ಚೂ ಇಳಿಯಿತು.

ಡೀಲರ್‌ಗಳ ಶರ್ಟಿನ ಬಟ್ಟೆ 220 ಜಿಎಸ್‌ಎಂ (ಚದರ ಮೀಟರಿಗೆ 220 ಗ್ರಾಂ) ತೂಕದ, ಮೇಲೆ ಸಣ್ಣ ಗುಳಿಗಳಿರುವ ಪೀಕೆ ಹೆಣಿಗೆ, ತಿರುಪ್ಪೂರಿನಿಂದ ತರಿಸಿದ್ದು. ಹೆಣಿಗೆ ಬಟ್ಟೆ ಹಿಗ್ಗುವುದರಿಂದ ಹಿಂಬದಿಗೆ ಹರಿದು ತೆಗೆಯುವ ಪೇಪರ್ ಸಾಲದು. ಕತ್ತರಿಸಿ ಉಳಿಸುವ ಗಟ್ಟಿ ಪೇಪರ್ ಬೇಕು, ಇಲ್ಲದಿದ್ದರೆ ನಾಲ್ಕು ಒಗೆತಕ್ಕೆ ಲೋಗೊ ಮುದುಡುತ್ತದೆ. ಪೀಕೆಯ ಗುಳಿಗಳಲ್ಲಿ ದಾರ ಹುದುಗದಂತೆ ಮೇಲೆ ನೀರಿನಲ್ಲಿ ಕರಗುವ ಹಾಳೆ ಇಡಲಾಯಿತು. ಸೂಜಿ 75/11 ಗಾತ್ರದ್ದು, ಬಾಲ್ ಪಾಯಿಂಟ್, ಅಂದರೆ ತುದಿ ದುಂಡಗಿರುವಂಥದ್ದು. ದಾರ ಬಟ್ಟೆಯನ್ನು ಎಳೆದುಕೊಂಡು ಅಕ್ಷರ ತೆಳುವಾಗುತ್ತದೆ, ಆದ್ದರಿಂದ ಪಂಚಿಂಗ್‌ನಲ್ಲೇ 0.3 ಮಿ.ಮೀ. ದಪ್ಪ ಸೇರಿಸಲಾಯಿತು.

ಜಾಗ ಹಿಡಿಯಲು ಎರಡು ಅಳತೆ ಸಾಕು. ಒಂದು, ಕಾಲರ್ ಮತ್ತು ಭುಜದ ಹೊಲಿಗೆ ಸೇರುವ ಮೂಲೆಯಿಂದ ಲೋಗೊದ ಮಧ್ಯಕ್ಕೆ ಕೆಳಮುಖವಾಗಿ. ಇನ್ನೊಂದು, ಗುಂಡಿ ಪಟ್ಟಿಯ ನಡುಗೆರೆಯಿಂದ ಲೋಗೊದ ಮಧ್ಯಕ್ಕೆ ಅಡ್ಡವಾಗಿ.

36ರ ಅಳತೆ: ಕೆಳಕ್ಕೆ 18 ಸೆಂ.ಮೀ., ಅಡ್ಡಕ್ಕೆ 9.5
38: 19, 10
40: 19.5, 10.5
42: 20.5, 11
44: 21.5, 11.5

ಎಲ್ಲ ಅಳತೆಗೂ ಲೋಗೊ ಒಂದೇ, 8.5 ಸೆಂ.ಮೀ. ದೊಡ್ಡ ಶರ್ಟಿಗೆ ದೊಡ್ಡ ಲೋಗೊ ಬೇಕಿಲ್ಲ, ಜಾಗ ಸರಿಸಿದರೆ ಸಾಕು. ಒಂದೇ ಅಂತರವನ್ನು ಎಲ್ಲಕ್ಕೂ ಹಿಡಿದರೆ 44ರ ಶರ್ಟಿನಲ್ಲಿ ಲೋಗೊ ಕುತ್ತಿಗೆಗೆ ಹತ್ತಿ ಕೂರುತ್ತದೆ.

ಸಿಬ್ಬಂದಿ ಶರ್ಟಿಗೆ ಜೇಬು ಬೇಕೆಂದು ಕೇಳಿದ್ದರು. ಮೊಬೈಲು, ಪೆನ್ನು, ಚೀಟಿ ಇಡುವ ಜೇಬಿನ ಮೇಲೆಯೇ ಲೋಗೊ ಹಾಕಿದರೆ ಉಬ್ಬಿ ವಕ್ರವಾಗುತ್ತದೆ; ಹೊಲಿದ ಜೇಬಿನ ಮೇಲೆ ಎಂಬ್ರಾಯ್ಡರಿ ಮಾಡಿದರೆ ಜೇಬಿನ ಬಾಯಿಯೂ ಒಳಬಟ್ಟೆಗೆ ಸೇರಿ ಮುಚ್ಚಿಹೋಗುತ್ತದೆ. ಹಾಗಾಗಿ ಜೇಬಿನ ಅಂಚಿನಿಂದ 1.5 ಸೆಂ.ಮೀ. ಮೇಲೆ, 7.5 ಸೆಂ.ಮೀ. ಅಗಲದಲ್ಲಿ ಹಾಕಲಾಯಿತು. ಮೂಲಾಕ್ಷರ ಆಗ 8.8 ಮಿ.ಮೀ.ಗೆ ಇಳಿಯುತ್ತದೆ, ನಿಯಮದ ಒಳಗೇ ಇದೆ.

ಬೆನ್ನಿನ ಬಿಳಿ ಹಸಿರಾದದ್ದು

ಬೆನ್ನಿಗೆ ಬರೀ ಹೆಸರು, 28 ಸೆಂ.ಮೀ. ಅಗಲ, ಮೂಲಾಕ್ಷರ ಸುಮಾರು 5 ಸೆಂ.ಮೀ., ಕಾಲರ್ ಹೊಲಿಗೆಯಿಂದ 11 ಸೆಂ.ಮೀ. ಕೆಳಗೆ ಶುರು. ಸ್ಕ್ರೀನ್ ಪ್ರಿಂಟಿನಲ್ಲಿ ಒಂದು ಗಾತ್ರಕ್ಕೆ ಒಂದು ಫ್ರೇಮು. ಎಲ್ಲ ಅಳತೆಗೂ ಒಂದೇ ಫ್ರೇಮು ಬಳಸಬೇಕಾದರೆ ಗಾತ್ರವನ್ನು ಅತಿ ಸಣ್ಣ ಶರ್ಟಿಗೆ ನಿಗದಿ ಮಾಡಬೇಕು. 36ರ ಬೆನ್ನಿಗೆ 28 ಸಲೀಸಾಗಿ ಕೂರುತ್ತದೆ, 33 ಇಟ್ಟಿದ್ದರೆ ತೋಳಿನ ಹೊಲಿಗೆಗೆ ತಾಗುತ್ತಿತ್ತು. ಸಿಬ್ಬಂದಿ ಬೈಕಿನಲ್ಲಿ ಬೆನ್ನಿಗೆ ಬ್ಯಾಗ್ ಹಾಕಿಕೊಂಡೇ ಓಡಾಡುತ್ತಾರೆ, ಆಗ ಈ ಹೆಸರು ಮುಚ್ಚಿಹೋಗುತ್ತದೆ ಎಂಬ ಆಕ್ಷೇಪ ಬಂತು. ನಿಜ. ಆದರೆ ಈ ಮುದ್ರಣ ರಸ್ತೆಗಲ್ಲ, ಹೊಲದಲ್ಲಿ ಬ್ಯಾಗ್ ಇಳಿಸಿ ನಿಂತ ಹೊತ್ತಿಗೆ.

ಸಿಬ್ಬಂದಿಯ ಶರ್ಟಿಗೆ ಬಿಸಿಲು ಎಂದು ಪೂರ್ತಿ ಪಾಲಿಯೆಸ್ಟರ್ ಬಟ್ಟೆ ಆರಿಸಿದ್ದರು, ಬಣ್ಣ ಕಡು ಹಸಿರು. ಬಿಳಿ ಪ್ಲಾಸ್ಟಿಸಾಲ್ ಶಾಯಿಯಲ್ಲಿ ಹೊಡೆದ ಸ್ಯಾಂಪಲ್ ಹೀಟರಿನಿಂದ ಬಂದಾಗ ಹಾಲಿನಷ್ಟು ಬಿಳಿ. ಮೂರು ದಿನ ಕಳೆದು ನೋಡಿದರೆ ಮಾಸಲು ಹಸಿರು. ಶಾಯಿ ಕೆಟ್ಟದ್ದು ಎಂದು ಮೊದಲು ಎಲ್ಲರೂ ಅಂದುಕೊಂಡರು. ಆದದ್ದು ಬೇರೆ: ಪಾಲಿಯೆಸ್ಟರಿಗೆ ಹಾಕುವ ಡಿಸ್ಪರ್ಸ್ ಬಣ್ಣ ಬಿಸಿ ತಾಗಿದರೆ ಆವಿಯಾಗಿ ಮೇಲಿನ ಶಾಯಿಗೆ ಸೇರಿಕೊಳ್ಳುತ್ತದೆ. ಸಾಮಾನ್ಯ ಪ್ಲಾಸ್ಟಿಸಾಲ್ ಗಟ್ಟಿಯಾಗಲು 160 ಡಿಗ್ರಿ ಸೆಲ್ಸಿಯಸ್ ಬೇಕು, ಆ ಬಿಸಿಗೆ ಬಣ್ಣ ಮೇಲೇಳುತ್ತದೆ. ಕೆಂಪು, ಮರೂನ್ ಬಟ್ಟೆಗಳಲ್ಲಿ ಇದು ಇನ್ನೂ ಜೋರು, ಬಿಳಿ ಗುಲಾಬಿಯಾಗುತ್ತದೆ.

ಪರಿಹಾರಕ್ಕೆ ಕೆಳಗೆ ಬಣ್ಣ ತಡೆಯುವ ಬೂದು ಶಾಯಿಯ ಒಂದು ಪದರ, ಅದರ ಮೇಲೆ ಕಡಿಮೆ ಬಿಸಿಗೆ ಗಟ್ಟಿಯಾಗುವ ಬಿಳಿ, ಹೀಟರ್ 130 ಡಿಗ್ರಿಯ ಆಸುಪಾಸು. ಬಿಳಿ ಹೊಡೆದ ಕೂಡಲೇ ಶರ್ಟುಗಳನ್ನು ಒಂದರ ಮೇಲೊಂದು ಪೇರಿಸದೆ ಆರಲು ಬಿಡಬೇಕು, ಬಿಸಿ ಒಳಗೇ ಉಳಿದರೆ ಇದೇ ತೊಂದರೆ ಮುಂದುವರಿಯುತ್ತದೆ. ಪಾಲಿಯೆಸ್ಟರ್ ಮೇಲಿನ ಸ್ಯಾಂಪಲ್ಲನ್ನು ಹೊಡೆದ ದಿನವೇ ಒಪ್ಪಬೇಡಿ. ಮಡಚಿ ಮೂರು ದಿನ ಇಟ್ಟು ನೋಡಿ. ಫಿಲ್ಮಿನ ಮೇಲೆ ಮುದ್ರಿಸಿ ಬಿಸಿಯಿಂದ ಬಟ್ಟೆಗೆ ಅಂಟಿಸುವ ಡಿಟಿಎಫ್ ಸ್ಟಿಕ್ಕರ್ ಹಾಕಿದರೂ ಹೀಟ್ ಪ್ರೆಸ್ಸಿನ ಬಿಸಿ 150ರ ಹತ್ತಿರ ಇರುತ್ತದೆ, ಹಾಗಾಗಿ ಅದೂ ಈ ತೊಂದರೆಯಿಂದ ತಪ್ಪಿಸಿಕೊಳ್ಳುವುದಿಲ್ಲ. ಡೀಲರ್‌ಗಳ ಹತ್ತಿ ಮಿಶ್ರಿತ ಪೀಕೆಗೆ ಎಂಬ್ರಾಯ್ಡರಿ ಆದ್ದರಿಂದ ಅಲ್ಲಿ ಈ ಪ್ರಶ್ನೆಯೇ ಬರಲಿಲ್ಲ.

ಕ್ಯಾಪು

ಆರು ತುಂಡಿನ ಕ್ಯಾಪಿನಲ್ಲಿ ಹಣೆಯ ನಡುವೆಯೇ ಹೊಲಿಗೆ ಬರುತ್ತದೆ. ಹೆಸರಿನ ಮೂರನೆಯ ಅಕ್ಷರ ಆ ಹೊಲಿಗೆಯ ಮೇಲೆ ಬಿದ್ದು ಶಾಯಿ ಒಡೆಯುತ್ತಿತ್ತು. ಮುಂದಿನ ಭಾಗ ಒಂದೇ ತುಂಡಾಗಿರುವ ಐದು ತುಂಡಿನ ಕ್ಯಾಪಿಗೆ ಬದಲಾಯಿಸಲಾಯಿತು. ಹಣೆಯಲ್ಲಿ ಉಪಯೋಗಕ್ಕೆ ಬರುವ ಎತ್ತರ 5 ಸೆಂ.ಮೀ., ಅದರಾಚೆಗೆ ಬಟ್ಟೆ ತಲೆಯ ಮೇಲಕ್ಕೆ ಬಾಗುತ್ತದೆ. ಅಡ್ಡ ರೂಪ 10.5 ಸೆಂ.ಮೀ. ಅಗಲ, 3.5 ಎತ್ತರ, ತುಟಿಯ (ಮುಂದಕ್ಕೆ ಚಾಚಿದ ನೆರಳಿನ ಭಾಗದ) ಹೊಲಿಗೆಯಿಂದ 1.5 ಮೇಲೆ.

ಸಾವಿರ ಕ್ಯಾಪಾದ್ದರಿಂದ ಹೊಲಿಯುವ ಮುಂಚೆಯೇ ತುಂಡಿನ ಮೇಲೆ ಮುದ್ರಿಸುವುದು ಅಗ್ಗ, ಸಪಾಟಾಗಿಯೂ ಬರುತ್ತದೆ. ಆದರೆ ತುಂಡಿನ ಕೆಳಗಿನ 1 ಸೆಂ.ಮೀ. ಹೊಲಿಗೆಯ ಒಳಗೆ ಹೋಗುತ್ತದೆ. ಬರೀ 1.5 ಎಂದು ಬರೆದರೆ ಮುದ್ರಿಸುವವರು ತುಂಡಿನ ಅಂಚಿನಿಂದ ಅಳೆಯುತ್ತಾರೆ, ಹೊಲಿದ ಮೇಲೆ ಲೋಗೊ ತುಟಿಗೆ ಅರ್ಧ ಸೆಂಟಿಮೀಟರಿನಲ್ಲಿ ಕೂತಿರುತ್ತದೆ. ಸೂಚನೆಯಲ್ಲಿ "ಬಟ್ಟೆಯ ಅಂಚಿನಿಂದ 2.5, ಹೊಲಿದ ಮೇಲೆ 1.5" ಎಂದು ಎರಡನ್ನೂ ಬರೆಯಬೇಕಾಯಿತು.

ಬ್ಯಾಗು, ಛತ್ರಿ, ಬಾಟಲಿ, ಪೆನ್ನು

ಬ್ಯಾಗು 35 × 40 ಸೆಂ.ಮೀ., ಕೋರಾ ಬಟ್ಟೆಯದು. ಖಾಲಿ ಬ್ಯಾಗಿನ ನಡುಮಧ್ಯಕ್ಕೆ ಲೋಗೊ ಹಾಕಿದರೆ, ತುಂಬಿದಾಗ ಅದು ಕೆಳಗೆ ಜಾರಿದ ಹಾಗೆ ಕಾಣುತ್ತದೆ, ಯಾಕೆಂದರೆ ಸಾಮಾನಿನ ಭಾರಕ್ಕೆ ಕೆಳಗಿನ ಭಾಗ ತಳದ ಕಡೆಗೆ ತಿರುಗುತ್ತದೆ. ನಿಲುವು ರೂಪ 22 ಸೆಂ.ಮೀ. ಅಗಲ, ಬಾಯಿಯಿಂದ 9 ಸೆಂ.ಮೀ. ಕೆಳಗೆ, ಹಿಡಿಕೆಯ ಹೊಲಿಗೆ 4 ಸೆಂ.ಮೀ. ಇಳಿಯುವುದರಿಂದ ಅದಕ್ಕಿಂತ ಮೇಲೆ ಹೋಗುವಂತಿಲ್ಲ. ಕೋರಾ ಬಟ್ಟೆಯ ಕೆನೆ ಬಣ್ಣದ ಮೇಲೆ ಹಳದಿ ತೆನೆ ಕಾಣಲೇ ಇಲ್ಲ, ಹಾಗಾಗಿ ಒಂದೇ ಕಡು ಹಸಿರು. ಘೋಷವಾಕ್ಯ, ಫೋನ್ ನಂಬರು ಕೆಳಗೆ 12 ಮಿ.ಮೀ. ಅಕ್ಷರದಲ್ಲಿ. ಎರಡೂ ಕಡೆ ಮುದ್ರಿಸುವ ಯೋಚನೆ ಇತ್ತು; ಒಂದು ಕಡೆಯನ್ನು ಖಾಲಿ ಬಿಡುವಂತೆ ಆಗಿದ್ದು ಒಳ್ಳೆಯದಾಯಿತು. ಡೀಲರ್‌ಗಳು ಆ ಕಡೆಗೆ ತಮ್ಮ ಅಂಗಡಿಯ ಹೆಸರು ಹೊಡೆಸಿಕೊಂಡು ರೈತರಿಗೆ ಕೊಡಬಹುದು, ಬ್ಯಾಗ್ ಬೇಗ ಖರ್ಚಾಗುತ್ತದೆ.

ಛತ್ರಿಯ ಎಂಟೂ ತುಂಡಿಗೆ ಲೋಗೊ ಬೇಕೆಂದು ಮಾಲೀಕರ ಆಸೆ. ತೆರೆದ ಛತ್ರಿಯನ್ನು ಯಾವ ದಿಕ್ಕಿನಿಂದ ನೋಡಿದರೂ ಮೂರು ನಾಲ್ಕು ತುಂಡು ಕಾಣುತ್ತವೆ. ಎದುರುಬದುರಾದ ಎರಡಕ್ಕೆ ಮಾತ್ರ ಹಾಕಿದರೆ ಪಕ್ಕದಿಂದ ನೋಡುವವರಿಗೆ ಏನೂ ಸಿಗುವುದಿಲ್ಲ. ಒಂದು ಬಿಟ್ಟು ಒಂದರಂತೆ ನಾಲ್ಕಕ್ಕೆ ಹಾಕಿದರೆ ಎಲ್ಲ ದಿಕ್ಕಿಗೂ ಒಂದು ಸಿಕ್ಕೇ ಸಿಗುತ್ತದೆ, ಎಂಟು ಬೇಕಿಲ್ಲ. ತೆರೆದಾಗ ಅಡ್ಡಗಲ 1 ಮೀಟರ್ ಇರುವ ಛತ್ರಿಯಲ್ಲಿ ಒಂದು ತುಂಡಿನ ಅಂಚು ಸುಮಾರು 38 ಸೆಂ.ಮೀ. ಅಂಚಿನಿಂದ 6 ಸೆಂ.ಮೀ. ಮೇಲೆ, 18 × 10 ಸೆಂ.ಮೀ.ನ ನಿಲುವು ರೂಪ, ಕಪ್ಪು ಬಟ್ಟೆಗೆ ಬಿಳಿ. ಲೋಗೊದ ಬುಡ ಅಂಚಿನ ಕಡೆಗೆ ಎಂದು ಬಾಣ ಹಾಕಿ ತೋರಿಸಬೇಕು, ತಲೆಕೆಳಗಾಗುವ ಸಂಭವ ಬಹಳ.

ಬಾಟಲಿಯ ವ್ಯಾಸ 7 ಸೆಂ.ಮೀ., ಸುತ್ತಳತೆ 22. ಎದೆಯ 8.5 ಸೆಂ.ಮೀ.ನ ಲೋಗೊವನ್ನೇ ಅಡ್ಡಕ್ಕೆ ಹಾಕಿದರೆ ಅದು ಸುತ್ತಿನ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಆವರಿಸುತ್ತದೆ, ಎರಡೂ ತುದಿ ಹಿಂದಕ್ಕೆ ತಿರುಗುತ್ತವೆ. ತಿರುಗಿಸುವ ಜೋಡಣೆ ಇಲ್ಲದ ಲೇಸರ್ ಯಂತ್ರದಲ್ಲಿ ತುದಿಗಳು 2 ಸೆಂ.ಮೀ.ಗೂ ಹೆಚ್ಚು ಕೆಳಗೆ ಉಳಿದು ಫೋಕಸ್ ತಪ್ಪುತ್ತದೆ, ಕೆತ್ತನೆ ಮಸುಕಾಗುತ್ತದೆ. ಬರೀ ಹೆಸರನ್ನು ಉದ್ದಕ್ಕೆ ತಿರುಗಿಸಿ 9 ಸೆಂ.ಮೀ. ಮಾಡಿದಾಗ ಅಡ್ಡಕ್ಕೆ ತೆಗೆದುಕೊಂಡದ್ದು 2.6 ಸೆಂ.ಮೀ. ಮಾತ್ರ, ಎತ್ತರದ ವ್ಯತ್ಯಾಸ ಎರಡೂವರೆ ಮಿಲಿಮೀಟರಿನೊಳಗೆ. ಹಸಿರು ಲೇಪ ಸುಟ್ಟು ಒಳಗಿನ ಸ್ಟೀಲ್ ಬಿಳುಪು ಚೆನ್ನಾಗಿ ಎದ್ದು ಬಂತು. ತಳದ 3 ಸೆಂ.ಮೀ. ಬಿಡಲಾಯಿತು, ಬೈಕಿನ ಬ್ಯಾಗಿನಲ್ಲಿ ಉಜ್ಜುವುದು ಅದೇ ಜಾಗ.

ಪೆನ್ನಿಗೆ ಸಿಕ್ಕ ಜಾಗ 45 × 6 ಮಿ.ಮೀ. ಹೆಸರು, ಫೋನ್ ನಂಬರು. ಚಿಹ್ನೆ ಇಲ್ಲ.

ಸೂಚನೆ ಹಾಳೆ ಮತ್ತು ತಪಾಸಣೆ

ಒಪ್ಪಿಗೆಗೆ ಮುಂಚೆ ಮಾಡಿದ ಪರೀಕ್ಷೆ ಸುಲಭದ್ದು. ಪ್ರತಿ ಲೋಗೊವನ್ನೂ ನಿಜವಾದ ಅಳತೆಯಲ್ಲಿ ಎ4 ಹಾಳೆಗೆ ಮುದ್ರಿಸಿ, ಕತ್ತರಿಸಿ, ಪಿನ್ನು ಹಾಕಿ ಒಬ್ಬರಿಗೆ ತೊಡಿಸುವುದು. 1, 3, 6 ಮೀಟರಿನಲ್ಲಿ ನಿಂತು ಓದುವುದು. 8.5 ಮತ್ತು 12 ಎರಡನ್ನೂ ಹೀಗೆ ಪಕ್ಕಪಕ್ಕ ನೋಡಿದ ಮೇಲೇ ಮಾಲೀಕರು 8.5ಕ್ಕೆ ಒಪ್ಪಿದರು. ಮಾತಿನಲ್ಲಿ ಬಗೆಹರಿಯದ ವಾದ ಕಾಗದದ ಚೂರಿನಲ್ಲಿ ಬಗೆಹರಿಯಿತು. ಪ್ರಿಂಟರಿನ "ಪುಟಕ್ಕೆ ಹೊಂದಿಸು" ಆಯ್ಕೆ ತೆಗೆದು 100 ಪ್ರತಿಶತದಲ್ಲೇ ಮುದ್ರಿಸಬೇಕು, ಇಲ್ಲದಿದ್ದರೆ ಅಳತೆ ಸುಳ್ಳಾಗುತ್ತದೆ.

ಆಮೇಲೆ ಒಂದೊಂದು ವಸ್ತುವಿಗೆ ಒಂದು ಹಾಳೆ: ಚಿತ್ರ, ಅಗಲ ಎತ್ತರ ಮಿಲಿಮೀಟರಿನಲ್ಲಿ, ಯಾವ ಹೊಲಿಗೆಯಿಂದ ಅಳೆಯಬೇಕು, ದಾರದ ಅಥವಾ ಶಾಯಿಯ ನಂಬರು, 5 ಮಿ.ಮೀ. ಹೆಚ್ಚು ಕಡಿಮೆ ನಡೆಯುತ್ತದೆ, ಓರೆ ನಡೆಯುವುದಿಲ್ಲ. "ಎಡ ಎದೆ" ಎಂದಷ್ಟೇ ಬರೆಯದೆ "ತೊಟ್ಟವರ ಎಡ" ಎಂದು ಬರೆಯಲಾಯಿತು. ಶರ್ಟನ್ನು ಮೇಜಿನ ಮೇಲೆ ಹಾಸಿದಾಗ ತೊಟ್ಟವರ ಎಡ ನೋಡುವವರ ಬಲಕ್ಕಿರುತ್ತದೆ, ಹೊಸ ಹುಡುಗರು ತಪ್ಪುವುದು ಇಲ್ಲೇ.

ಎಂಬ್ರಾಯ್ಡರಿ ಶುರುವಾದ ದಿನ ಮೊದಲ 12 ಶರ್ಟುಗಳನ್ನು ಬಿಡಿಸಿ ನೋಡಲಾಯಿತು. ಎರಡರಲ್ಲಿ ಲೋಗೊ ಬಲಕ್ಕೆ ವಾಲಿತ್ತು. ಅಳತೆ ಸರಿಯೇ ಇತ್ತು. ಫ್ರೇಮಿಗೆ ಹಾಕುವಾಗ ಬಟ್ಟೆಯನ್ನು ಒಂದು ಕಡೆಗೆ ಎಳೆದಿದ್ದರು. ರಟ್ಟಿನಲ್ಲಿ ಒಂದು ಗೇಜ್ ಕತ್ತರಿಸಿ, ಅದರ ಒಂದು ಅಂಚು ಗುಂಡಿ ಪಟ್ಟಿಗೆ, ಮೇಲಿನ ಮೂಲೆ ಭುಜದ ಹೊಲಿಗೆಗೆ ತಾಗುವಂತೆ ಇಟ್ಟು, ತೂತಿನ ಮೂಲಕ ಚಾಕ್‌ಪೀಸಿನಲ್ಲಿ ಕೂಡು ಗುರುತು ಹಾಕಿಕೊಂಡ ಮೇಲೆ ಉಳಿದವು ನೆಟ್ಟಗೆ ಬಂದವು. ಅಳತೆಗೊಂದು ಗೇಜು, ಒಟ್ಟು ಐದು.

ಕೆಲಸ ಮುಗಿದ ಮೇಲೆ ಏನೇನು ಕೈಗೆ ತೆಗೆದುಕೊಳ್ಳಬೇಕು ಎಂಬುದನ್ನು ಹೆಚ್ಚಿನವರು ಮರೆಯುತ್ತಾರೆ. ಪಂಚಿಂಗ್‌ನ ಡಿಎಸ್‌ಟಿ ಫೈಲ್, ಅಂದರೆ ಎಂಬ್ರಾಯ್ಡರಿ ಮಿಷನ್ ಓದುವ ಹೊಲಿಗೆಯ ಫೈಲ್, ಕಂಪನಿಯ ಹತ್ತಿರ ಇರಲಿ. ಅದರಲ್ಲಿ ದಾರದ ಬಣ್ಣ ಉಳಿಯುವುದಿಲ್ಲ, ಆದ್ದರಿಂದ ದಾರದ ನಂಬರುಗಳನ್ನು ಬೇರೆ ಬರೆದಿಡಬೇಕು. ಅದೇ ಡಿಎಸ್‌ಟಿಯನ್ನು ಹಿಗ್ಗಿಸಿ ಕುಗ್ಗಿಸಿ ಬಳಸಬಾರದು. ಗಾತ್ರ ಹತ್ತು ಪ್ರತಿಶತಕ್ಕಿಂತ ಬದಲಾದರೆ ಮತ್ತೆ ಪಂಚಿಂಗ್ ಮಾಡಿಸಬೇಕು, 7.5ಕ್ಕೂ 8.5ಕ್ಕೂ ಬೇರೆ ಬೇರೆ ಫೈಲ್ ಇರುವುದು ಇದಕ್ಕೇ. ಸ್ಕ್ರೀನ್ ಫ್ರೇಮುಗಳನ್ನು ಹೇಳದಿದ್ದರೆ ಮುದ್ರಿಸುವವರು ತೊಳೆದು ಬೇರೆ ಕೆಲಸಕ್ಕೆ ಹಚ್ಚುತ್ತಾರೆ, ಅದು ಅವರ ತಪ್ಪೂ ಅಲ್ಲ. ಬೆನ್ನು, ಕ್ಯಾಪು, ಬ್ಯಾಗು, ಛತ್ರಿಯ ಫ್ರೇಮು ಮಾಡಲು ಬೇಕಾಗುವ ಪಾಸಿಟಿವ್ ಫಿಲ್ಮುಗಳನ್ನು ಮಡಚದೆ ಕವರಿನಲ್ಲಿಟ್ಟು, ಮೇಲೆ ಜಾಲರಿಯ ನಂಬರು, ಶಾಯಿ, ಬಟ್ಟೆ ಬರೆದು, ರಟ್ಟಿನ ಐದು ಗೇಜುಗಳ ಜೊತೆ ಕಂಪನಿಯ ಕಪಾಟಿಗೆ ಸೇರಿಸಲಾಯಿತು. ಮುಂದಿನ ಮುಂಗಾರಿಗೆ ಬೇರೆ ಪ್ರಿಂಟರ್ ಕಡೆಗೆ ಹೋದರೂ ಅಲ್ಲಿಂದಲೇ ಶುರು ಮಾಡಬಹುದು.